ಮಳೆಗಾಲಕ್ಕೆ ಸೈಕಲ್ ಟ್ರೈನರ್: ವೀಲ್-ಆನ್ ಸಾಕಾ, ಡೈರೆಕ್ಟ್-ಡ್ರೈವೇ ಬೇಕಾ?

ಪಡುಬಿದ್ರಿ ಪೆಡಲ್:

ಎಲ್ಲರಿಗೂ ನಮಸ್ಕಾರ. ಉಡುಪಿಯಿಂದ ಬರೀತಿದ್ದೇನೆ. ಸ್ವಲ್ಪ ಉದ್ದ ಆಗ್ತದೆ, ತಾಳ್ಮೆ ಇದ್ದವರು ಓದಿ.

ಇಲ್ಲಿ ವರ್ಷಕ್ಕೆ 4000 ಮಿ.ಮೀ. ಮೇಲೆ ಮಳೆ. ಅದರಲ್ಲಿ ಹೆಚ್ಚಿನದ್ದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗೀತದೆ. ನೆನೆಯಲಿಕ್ಕೆ ನನಗೇನೂ ಬೇಸರ ಇಲ್ಲ. ಆದರೆ ಬೆಳಿಗ್ಗೆ ಐದಕ್ಕೆ ಹೆದ್ದಾರಿ 66ರಲ್ಲಿ ಪಕ್ಕದಿಂದ ಒಂದು ಟ್ಯಾಂಕರ್ ಹೋದರೆ ಮುಖಕ್ಕೆ ನೀರು ರಾಚಿ, ಗುಂಡಿ ಎಲ್ಲುಂಟು ರಸ್ತೆ ಎಲ್ಲುಂಟು ಅಂತಲೇ ಕಾಣುವುದಿಲ್ಲ. "ಮನೆಗೆ ಸಂಬಳ ತರುವವರು ನೀವೊಬ್ಬರೇ" ಅಂತ ಮನೆಯಲ್ಲಿ ನೆನಪು ಮಾಡಿಕೊಟ್ಟ ಮೇಲೆ ಮಳೆಗಾಲದ ರೈಡ್ ಬಿಟ್ಟಿದ್ದೇನೆ.

ಬಿಟ್ಟದ್ದೇ ತೊಂದರೆ ಆಯ್ತು. 200 ಮತ್ತು 300 ಕಿ.ಮೀ. ಬ್ರೆವೆ (ಗೊತ್ತುಮಾಡಿದ ಸಮಯದೊಳಗೆ ಮುಗಿಸಬೇಕಾದ ಉದ್ದ ಸೈಕಲ್ ಸವಾರಿ) ಮಾಡಿದವ ನಾನು. 2027ರಲ್ಲಿ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಉಂಟಲ್ಲ, 1200 ಕಿ.ಮೀ., 90 ಗಂಟೆ, ಅದರ ಮೇಲೆ ಕಣ್ಣು. ಅದಕ್ಕೆ ಮೊದಲು 200, 300, 400, 600 ಸರಣಿ ಮುಗಿಸಬೇಕು. 600ಕ್ಕೆ 40 ಗಂಟೆ ಸಮಯ. ನಾಲ್ಕು ತಿಂಗಳು ಕಾಲಿಗೆ ಕೆಲಸ ಇಲ್ಲದಿದ್ದರೆ ಅಕ್ಟೋಬರ್‌ನಲ್ಲಿ ಮೊದಲಿಂದ ಶುರು ಮಾಡಬೇಕಾಗ್ತದೆ. ಹಾಗಾಗಿ ಟ್ರೈನರ್, ಅಂದರೆ ಸೈಕಲನ್ನು ಮನೆಯೊಳಗೇ ನಿಲ್ಲಿಸಿ ತುಳಿಯುವ ಸಾಧನ, ತಗೊಳ್ಳುವ ಅಂತ.

ಎರಡು ಕಣ್ಣ ಮುಂದುಂಟು, ಎರಡೂ ಸೆಕೆಂಡ್ ಹ್ಯಾಂಡ್.

ಒಂದು ಇಲ್ಲೇ ಮಣಿಪಾಲದಲ್ಲಿ, ಟ್ಯಾಕ್ಸ್ ಫ್ಲೋ ಸ್ಮಾರ್ಟ್, ವೀಲ್-ಆನ್ (ಹಿಂದಿನ ಚಕ್ರ ಕಳಚದೆ, ಟೈರ್ ಒಂದು ಉರುಳೆ ಮೇಲೆ ಓಡುವಂಥದ್ದು). 14 ಸಾವಿರ ಹೇಳ್ತಿದ್ದಾರೆ, 12ಕ್ಕೆ ಬರಬಹುದು. ಇನ್ನೊಂದು ಬೆಂಗಳೂರಲ್ಲಿ, ವಾಹೂ ಕಿಕರ್ ಕೋರ್, ಡೈರೆಕ್ಟ್-ಡ್ರೈವ್ (ಹಿಂದಿನ ಚಕ್ರ ಕಳಚಿ ಸೈಕಲನ್ನು ನೇರ ಟ್ರೈನರ್‌ಗೇ ಕೂರಿಸುವಂಥದ್ದು). 38 ಸಾವಿರ, ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಚ್ಛ) ಇಲ್ಲ. ನನ್ನ ಬಜೆಟ್ 40. ಮನೆಯಲ್ಲಿ ಹೇಳಿದ್ದು 30.

ಸೈಕಲ್ ಅಲ್ಯೂಮಿನಿಯಂ, ಸೋರಾ ಗೇರ್ 9 ಸ್ಪೀಡ್, ರಿಮ್ ಬ್ರೇಕ್, ಹಿಂದೆ ಕ್ವಿಕ್ ರಿಲೀಸ್ (ಲಿವರ್ ಎಳೆದು ಚಕ್ರ ಕಳಚುವಂಥದ್ದು). ನನ್ನ ತೂಕ 74, ಸೈಕಲ್ 11 ಕೆ.ಜಿ. ಪವರ್ ಮೀಟರ್ (ತುಳಿಯುವ ಬಲವನ್ನು ವ್ಯಾಟ್‌ನಲ್ಲಿ ಅಳೆಯುವಂಥದ್ದು) ಇಲ್ಲ, ಎದೆಗೆ ಕಟ್ಟುವ ಹಾರ್ಟ್ ರೇಟ್ ಪಟ್ಟಿ ಉಂಟು.

ಮುಖ್ಯ ವಿಷಯ: ನಾವು ಬಾಡಿಗೆಗೆ ಇರುವುದು ಮೊದಲ ಮಹಡಿಯಲ್ಲಿ. ಕೆಳಗೆ ಓನರ್ ಮನೆ, ಸರಿಯಾಗಿ ನನ್ನ ರೂಮಿನ ಕೆಳಗೆ ಅವರ ಅಮ್ಮ ಮಲಗ್ತಾರೆ. 80 ದಾಟಿದ ಅಜ್ಜಿ. ನನಗೆ ಸಮಯ ಸಿಗುವುದು ಬೆಳಿಗ್ಗೆ ಐದರಿಂದ ಆರೂವರೆ. ಮತ್ತೆ ಮಳೆಗಾಲದಲ್ಲಿ ಕರೆಂಟ್ ಯಾವಾಗ ಇರ್ತದೆ ಯಾವಾಗ ಹೋಗ್ತದೆ ಅಂತ ದೇವರಿಗೇ ಗೊತ್ತು.

ಫ್ಲೋ 6% ಏರು ಹತ್ತಿದಷ್ಟು ತಡೆ ಮಾತ್ರ ಕೊಡ್ತದಂತೆ, ಕೋರ್ 16%. ಆಗುಂಬೆ ಘಾಟಿಯ 14 ತಿರುವು ಹತ್ತಿದವರಿಗೆ 6% ಅಂದರೆ ನಗು ಬರ್ತದೆ. 26 ಸಾವಿರದ ವ್ಯತ್ಯಾಸ ಕೊಡುವಷ್ಟು ದೊಡ್ಡ ಸಂಗತಿಯಾ ಅದು? ಎರಡೂ ಬಳಸಿದವರು ಹೇಳಿ ಮಾರಾಯ್ರೆ.

*

ಬನಶಂಕರಿ ಎರಡನೇ ಹಂತ:

ಗುರುಗಳೇ, ಏರು, ವ್ಯಾಟು ಎಲ್ಲ ಆಮೇಲೆ. ಕೆಳಗೆ ಅಜ್ಜಿ ಮಲಗ್ತಾರೆ ಅಂದ್ರಲ್ಲ, ಅಲ್ಲೇ ಅರ್ಧ ತೀರ್ಮಾನ ಆಗೋಯ್ತು.

ನಾನು ಅಪಾರ್ಟ್‌ಮೆಂಟ್‌ನಲ್ಲಿ ವೀಲ್-ಆನ್ ಇಟ್ಕೊಂಡಿದ್ದೆ. ಟೈರು ಲೋಹದ ಉರುಳೆ ಮೇಲೆ ಒತ್ತಿಕೊಂಡು ಓಡ್ತಾ ಇರತ್ತೆ, ಸ್ಪೀಡ್ ಏರಿದಷ್ಟೂ ಗುಂಯ್ ಅನ್ನೋದೂ ಏರತ್ತೆ. ರೂಮಲ್ಲಿ ಕೂತವರಿಗೆ ಅದು ಬರೀ ಸದ್ದು. ಕೆಳಗಿನ ಮನೆಯವರಿಗೆ ಸದ್ದಲ್ಲ, ನಡುಕ. ಸ್ಲ್ಯಾಬ್ ಹಿಡ್ಕೊಂಡು ಇಳಿಯತ್ತೆ. ಕೆಳಗಿನ ಆಂಟಿ ಒಂದಿನ ಲಿಫ್ಟಲ್ಲಿ ಸಿಕ್ಕಿ "ನೀವು ದಿನಾ ಬೆಳಗಿನ ಜಾವ ಇಡ್ಲಿ ಹಿಟ್ಟು ರುಬ್ತೀರಾ? ಹೋಟೆಲ್‌ಗೇನಾದ್ರೂ ಕೊಡ್ತೀರಾ?" ಅಂತ ಕೇಳಿದ್ರು. ವ್ಯಂಗ್ಯ ಅಲ್ಲ, ನಿಜವಾಗ್ಲೂ ಗ್ರೈಂಡರ್ ಅಂದ್ಕೊಂಡಿದ್ರು.

ಈಗ ಡೈರೆಕ್ಟ್-ಡ್ರೈವ್. ಮೋಟರ್ ಸದ್ದು ಇಲ್ಲವೇ ಇಲ್ಲ ಅನ್ನಬಹುದು, ಕೇಳ್ಸೋದು ಚೈನ್ ಸದ್ದು ಮತ್ತು ಫ್ಯಾನ್ ಸದ್ದು. ಆದ್ರೆ ಒಂದು ಎಚ್ಚರಿಕೆ. ಡೈರೆಕ್ಟ್-ಡ್ರೈವ್ ಅಂದ ತಕ್ಷಣ ನಡುಕ ಪೂರ್ತಿ ಹೋಗಲ್ಲ. ಎದ್ದು ನಿಂತು ತುಳಿದ್ರೆ ಗುದ್ದು ಕೆಳಗೆ ಹೋಗೇ ಹೋಗತ್ತೆ. ಬರೀ ಯೋಗ ಮ್ಯಾಟ್ ಹಾಸಿದ್ರೆ ಏನೂ ಪ್ರಯೋಜನ ಇಲ್ಲ. ಜಿಮ್ಮಿಗೆ ಹಾಸ್ತಾರಲ್ಲ ದಪ್ಪ ರಬ್ಬರ್ ಟೈಲು, ಅದನ್ನ ಹಾಸಿ, ಮೇಲೆ ಒಂದು ಪ್ಲೈವುಡ್ ಹಲಗೆ, ಅದರ ಮೇಲೆ ಟ್ರೈನರ್. ರೂಮಿನ ಮಧ್ಯ ಇಡ್ಬೇಡಿ, ಗೋಡೆ ಅಥವಾ ಪಿಲ್ಲರ್ ಪಕ್ಕ ಇಡಿ. ಸ್ಲ್ಯಾಬ್ ಮಧ್ಯದಲ್ಲೇ ಜಾಸ್ತಿ ಅದುರೋದು.

*

ಜಮಖಂಡಿ ಗಾಳಿ:

ಸರ, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಮ್ಮ ಬಾಗಲಕೋಟಿ, ವಿಜಯಪುರ ಕಡೆ ಹುಡುಗೂರು ಸೈಕಲ್ ರೇಸಿನ್ಯಾಗ ಹೆಸರು ಮಾಡ್ಯಾರ. ಅವರೊಳಗ ಎಷ್ಟೋ ಮಂದಿ ಇಂಥಾ ಮಷೀನ್ ಕಣ್ಣಿಲೆ ಸೈತ ನೋಡಿಲ್ಲ. ರೋಲರ್ ಮ್ಯಾಲೆನ ಕಲ್ತಾರ. ಮೂರು ಉರುಳಿ, ಒಂದು ಬೆಲ್ಟ್, ಅಷ್ಟ. ಹಿಂದಿನ ಗಾಲಿ ಎರಡು ಉರುಳಿ ನಡುವ, ಮುಂದಿನ ಗಾಲಿ ಒಂದರ ಮ್ಯಾಲೆ. ಸೈಕಲ್‌ಗೆ ಹಿಡಕಿ ಇಲ್ಲ, ಕರೆಂಟ್ ಬ್ಯಾಡ, ಆ್ಯಪ್ ಬ್ಯಾಡ. ಕರೆಂಟ್ ಹೋದ್ರ ಮೋಂಬತ್ತಿ ಹಚ್ಚಿ ತುಳೀರಿ.

ಮೊದಲ ಮೊದಲ ಬಾಗಲಾಗ ಇಟ್ಕೊಂಡು, ಚೌಕಟ್ಟಿಗೆ ಮೊಣಕೈ ಆನಿಸಿ ಹತ್ರಿ. ಮಗ್ಗಲಕ್ಕ ನೋಡಿದ್ರ ಸೈಕಲ್ ಮಗ್ಗಲಕ್ಕ ಹೋಗತೈತಿ. ವಾರದಾಗ ಮೈ ಹಿಡಿತಕ್ಕ ಬರತೈತಿ. ಕಾಲು ಗುಂಡಗ ತಿರಗೋದು ಕಲಿಬೇಕಂದ್ರ ಇದರಂಥಾದ್ದು ಯಾವುದೂ ಇಲ್ಲ.

ಆದ್ರ ಭಾಳ ಜೋರು ಹಚ್ಚಿ ತುಳಿಯಾಕ ಆಗಂಗಿಲ್ಲ, ತಡೆ ಕಡಿಮಿ. ಸಪ್ಪಳನೂ ಐತಿ. ನಿಮ್ಮ ಅಜ್ಜಿ ವಿಚಾರಕ್ಕ ನಾ ಏನೂ ಹೇಳಂಗಿಲ್ಲ.

*

ಪಡುಬಿದ್ರಿ ಪೆಡಲ್:

ಜಮಖಂಡಿಯವರೇ, ಸಿಟ್ಟು ಎಂತಕ್ಕೆ? ರೋಲರ್ ಮೇಲೆ ಆಸೆ ಉಂಟು. ಆದರೆ ಬೆಳಿಗ್ಗೆ ಐದಕ್ಕೆ ಅರೆನಿದ್ದೆಯಲ್ಲಿ ಹತ್ತಿ, ಕಪಾಟಿನ ಗಾಜಿಗೆ ಹೋಗಿ ಗುದ್ದುವ ಧೈರ್ಯ ಇಲ್ಲ.

ಬನಶಂಕರಿಯವರೇ, ಗೋಡೆ ಪಕ್ಕ ಅಂದದ್ದು ಉಪಯೋಗ ಆಯ್ತು. ನಾನು ಕಿಟಕಿ ಎದುರು ರೂಮಿನ ಮಧ್ಯ ಅಂತ ಯೋಚನೆ ಮಾಡಿದ್ದೆ.

*

ಒಂಟಾರಿಯೊ ಒಗ್ಗರಣೆ:

ನಮಸ್ಕಾರ. ಮೈಸೂರಿನವಳು, ಈಗ ಟೊರೊಂಟೊ ಹತ್ತಿರ ಇದ್ದೇನೆ. ನಿಮಗೆ ಮಳೆ, ನಮಗೆ ಹಿಮ. ನವೆಂಬರ್‌ನಿಂದ ಮಾರ್ಚ್‌ವರೆಗೆ ನನ್ನ ಸೈಕಲ್ ಬೇಸ್‌ಮೆಂಟ್‌ನಲ್ಲೇ. ವೀಲ್-ಆನ್‌ನಿಂದ ಶುರು ಮಾಡಿ ಡೈರೆಕ್ಟ್-ಡ್ರೈವ್‌ಗೆ ಬಂದವಳು, ಹಾಗಾಗಿ ಎರಡರ ಬಗ್ಗೆಯೂ ಹೇಳಬಲ್ಲೆ.

ಮೊದಲು ನಿಮ್ಮ 6% ಚಿಂತೆ. ಅದನ್ನು ಬಿಟ್ಟುಬಿಡಿ ಸಾರ್. ನೀವೂ ಸೈಕಲ್ಲೂ ಸೇರಿ 85 ಕೆ.ಜಿ. 10% ಏರನ್ನು ಗಂಟೆಗೆ 8 ಕಿ.ಮೀ. ವೇಗದಲ್ಲಿ ಹತ್ತಲು ಬೇಕಾಗುವುದು ಸುಮಾರು 200 ವ್ಯಾಟ್. ಆ 200 ವ್ಯಾಟನ್ನು ಸಮತಟ್ಟು ರಸ್ತೆಯಲ್ಲಿ ದೊಡ್ಡ ಗೇರ್ ಹಾಕಿಯೂ ತುಳಿಯಬಹುದು, ಕಾಲಿಗೆ ಆಗುವ ಕೆಲಸ ಅಷ್ಟೇ. ಫ್ಲೋ 800 ವ್ಯಾಟ್‌ವರೆಗೆ ತಡೆ ಕೊಡುತ್ತದೆ, ಕೋರ್ 1800. ಬ್ರೆವೆ ಮಾಡುವ ನಮಗೆ 800 ವ್ಯಾಟ್ ಯಾವತ್ತಾದರೂ ಬೇಕಾಗುತ್ತದೆಯೇ? ನಾಯಿ ಅಟ್ಟಿಸಿಕೊಂಡು ಬಂದಾಗ ಇರಬಹುದು.

ನಿಖರತೆಯೂ ಹಾಗೇ. ಫ್ಲೋ 5% ಒಳಗೆ ಅನ್ನುತ್ತಾರೆ, ಕೋರ್ 2%. 200 ವ್ಯಾಟ್‌ಗೆ ಲೆಕ್ಕ ಹಾಕಿದರೆ ಒಂದು 190ರಿಂದ 210ರ ನಡುವೆ ಎಲ್ಲಾದರೂ, ಇನ್ನೊಂದು 196ರಿಂದ 204. ನಿಮ್ಮನ್ನು ನಿಮ್ಮ ಜೊತೆಗೇ ಹೋಲಿಸಿಕೊಳ್ಳುವುದಾದರೆ 10 ವ್ಯಾಟ್ ತಪ್ಪು ತೋರಿಸಿದರೂ ತೊಂದರೆ ಇಲ್ಲ, ದಿನಾ ಅದೇ ತಪ್ಪು ತೋರಿಸಿದರೆ ಸಾಕು. ವೀಲ್-ಆನ್ ಎಡವುವುದು ಇಲ್ಲೇ. ದಿನಾ ಅದೇ ತಪ್ಪು ತೋರಿಸಬೇಕಾದರೆ ಟೈರಿನ ಗಾಳಿ ದಿನಾ ಅಷ್ಟೇ ಇರಬೇಕು, ಉರುಳೆಯನ್ನು ಟೈರಿಗೆ ಒತ್ತುವ ಗುಬುಟನ್ನು ಅಷ್ಟೇ ಸುತ್ತು ತಿರುಗಿಸಿರಬೇಕು. ಜೊತೆಗೆ ಹತ್ತು ನಿಮಿಷ ತುಳಿದು ಟೈರ್ ಬಿಸಿಯಾದ ಮೇಲೆ ವೇಗ ಏರಿಸಿ, ಪೆಡಲ್ ಬಿಟ್ಟು, ಚಕ್ರ ತಾನಾಗಿ ನಿಲ್ಲುವವರೆಗೆ ಕಾಯುವ ಕ್ಯಾಲಿಬ್ರೇಶನ್. ನಿಮಗೆ ಸಿಗುವುದೇ ಒಂದೂವರೆ ಗಂಟೆ. ದಿನಾ ಅದರಲ್ಲಿ ಕಾಲು ಗಂಟೆ ಪಂಪು, ಗುಬುಟು, ಕ್ಯಾಲಿಬ್ರೇಶನ್‌ಗೆ ಹೋಗುತ್ತದೆ. ಆಮೇಲಾಮೇಲೆ ಮಾಡುವುದನ್ನೇ ಬಿಡುತ್ತೀರಿ, ಅಂಕಿಗಳು ಅಲೆದಾಡಲು ಶುರುವಾಗುತ್ತವೆ.

ಟೈರ್ ಜಾರುವುದು ಇನ್ನೊಂದು. ಕುಳಿತು ಒಂದೇ ಸಮ ತುಳಿದರೆ ಏನೂ ಆಗದು. ಒಮ್ಮೆಗೇ ಜೋರು ಹಾಕಿದರೆ ಉರುಳೆ ಮೇಲೆ ಟೈರು ಚಿರ್ ಎಂದು ಜಾರುತ್ತದೆ. ವಾರ ಕಳೆದ ಮೇಲೆ ನೆಲ ನೋಡಿದರೆ ಕಪ್ಪು ರಬ್ಬರ್ ಪುಡಿ. ನಡುವಿನಲ್ಲಿ ಚಪ್ಪಟೆಯಾದ ಆ ಟೈರಿನಲ್ಲಿ ಮಳೆ ರಸ್ತೆಗೆ ಇಳಿಯಬಾರದು. ಟ್ರೈನರ್‌ಗೆಂದೇ ಗಟ್ಟಿ ರಬ್ಬರಿನ ಟೈರ್ ಸಿಗುತ್ತದೆ, ಆದರೆ ಅದು ರಸ್ತೆಗೆ ಆಗದು. ಭಾನುವಾರ ಬಿಸಿಲು ಬಂದರೆ ಟೈರ್ ಬದಲಿಸುತ್ತಾ ಕೂರಬೇಕು, ಇಲ್ಲ ಇನ್ನೊಂದು ಹಿಂದಿನ ಚಕ್ರ ಇಟ್ಟುಕೊಳ್ಳಬೇಕು. ಡೈರೆಕ್ಟ್-ಡ್ರೈವ್‌ನಲ್ಲಿ ಚಕ್ರ ಕಳಚಿ ಗೋಡೆಗೆ ಒರಗಿಸಿದರೆ ಆಯ್ತು, ಹೊರಗೆ ಹೋಗುವಾಗ ಎರಡು ನಿಮಿಷ.

ಈಗ ಕೋರ್ ತೆಗೆದುಕೊಂಡರೆ ನಿಮಗೆ ಮೇಲೆ ಬೀಳುವ ಖರ್ಚು. 9 ಸ್ಪೀಡ್ ಕ್ಯಾಸೆಟ್ ಬೇಕು. ಕೋರ್‌ನ ಫ್ರೀಹಬ್ (ಕ್ಯಾಸೆಟ್ ಕೂರುವ ಭಾಗ) 11 ಸ್ಪೀಡ್ ಅಗಲದ್ದು, ನಿಮ್ಮ 9 ಸ್ಪೀಡ್ ಕ್ಯಾಸೆಟ್ ಕೂರಬೇಕಾದರೆ ಹಿಂದೆ 1.8 ಮಿ.ಮೀ. ಸ್ಪೇಸರ್ ಬಳೆ ಹಾಕಲೇಬೇಕು. ಹೊಸ ಪೆಟ್ಟಿಗೆಯಲ್ಲಿ ಅದು ಬರುತ್ತದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಮೊದಲು ಕಳೆದುಹೋಗುವುದೂ ಅದೇ, ಮಾರುವವರ ಹತ್ತಿರ ಕೇಳಿ. ಕ್ವಿಕ್ ರಿಲೀಸ್ ಅಡಾಪ್ಟರ್‌ಗಳನ್ನೂ ಕೇಳಿ, ನಿಮ್ಮದು ರಿಮ್ ಬ್ರೇಕ್ ರೋಡ್ ಸೈಕಲ್ ಆದ್ದರಿಂದ 130 ಮಿ.ಮೀ. ಅಳತೆ. ಕ್ಯಾಸೆಟ್ ಹಿಡಿದಿಡುವ ಲಾಕ್‌ರಿಂಗ್ ಬಿಗಿ ಮಾಡುವ ಟೂಲ್ ಇಲ್ಲದಿದ್ದರೆ ಸೈಕಲ್ ಅಂಗಡಿಯಲ್ಲೇ ಹಾಕಿಸಿ. ಚೈನ್ ಹಳೆಯದಾಗಿ ಹಿಗ್ಗಿದ್ದರೆ ಹೊಸ ಕ್ಯಾಸೆಟ್ ಮೇಲೆ ಹಲ್ಲು ತಪ್ಪಿ ಜಾರುತ್ತದೆ, ಅದನ್ನೂ ಬದಲಿಸಿ.

ನಿಮಗಲ್ಲ, ಡಿಸ್ಕ್ ಬ್ರೇಕ್ ಇರುವ ಬೇರೆಯವರು ಓದುತ್ತಿದ್ದರೆ: ಹೈಡ್ರಾಲಿಕ್ ಆಗಿದ್ದರೆ ಚಕ್ರ ತೆಗೆದ ಮೇಲೆ ಪ್ಯಾಡ್‌ಗಳ ನಡುವೆ ಪ್ಲಾಸ್ಟಿಕ್ ತುಂಡು ಇಡಿ. ಅಪ್ಪಿತಪ್ಪಿ ಬ್ರೇಕ್ ಹಿಡಿದರೆ ಪಿಸ್ಟನ್ ಮುಂದೆ ಬಂದು ಪ್ಯಾಡ್ ಅಂಟಿಕೊಳ್ಳುತ್ತದೆ.

*

ಗೇರುಗುಡ್ಡ:

ಟೊರೊಂಟೊ ಅಕ್ಕ ಬರೆದದ್ದು ಸರಿ, ಆದರೆ ಅಲ್ಲಿಯ ಬೇಸ್‌ಮೆಂಟ್‌ನ ಲೆಕ್ಕ ನಮ್ಮ ಕರಾವಳಿಗೆ ಪೂರ್ತಿ ಕೂರುವುದಿಲ್ಲ. ನಾನು ಪುತ್ತೂರಿನವ. ವೀಲ್-ಆನ್, ಅದೂ ಫ್ಲೂಯಿಡ್. ಸ್ಮಾರ್ಟ್ (ಆ್ಯಪ್‌ಗೆ ಸೇರಿ ತಾನೇ ತಡೆ ಬದಲಿಸುವಂಥದ್ದು) ಅಲ್ಲ, ದಡ್ಡ. ಮಾರುವ ಯೋಚನೆ ಇಲ್ಲ.

ಯಾಕೆ ಅಂದರೆ ಕರೆಂಟ್. ಫ್ಲೂಯಿಡ್‌ನಲ್ಲಿ ಎಣ್ಣೆಯ ತಡೆ, ಪ್ಲಗ್ಗೇ ಇಲ್ಲ. ಸ್ಮಾರ್ಟ್ ಟ್ರೈನರ್ ಹೆಚ್ಚಿನವು ಕರೆಂಟ್ ಹೋದ ಕೂಡಲೇ ತಡೆ ಬಿಡ್ತವೆ, ಕಾಲು ಗಾಳಿಯಲ್ಲಿ ತಿರುಗಿದ ಹಾಗೆ ಆಗ್ತದೆ. ಟ್ಯಾಕ್ಸ್ ನಿಯೋದಂಥ ಕೆಲವು ಮಾತ್ರ ತುಳಿದದ್ದರಲ್ಲೇ ತಮಗೆ ಬೇಕಾದ ಕರೆಂಟ್ ಮಾಡಿಕೊಳ್ತವೆ, ನಿಯೋ ಬೆಲೆ ನಮ್ಮ ಮಾತಿಗೆ ಸಿಗುವಂಥದ್ದಲ್ಲ. ಫ್ಲೋ, ಕೋರ್ ಯಾವುದು ತಗೊಂಡರೂ ನಿಮಗೆ ಇನ್ವರ್ಟರ್ ಬೇಕೇ ಬೇಕು. ಟ್ರೈನರ್‌ಗೆ ದೊಡ್ಡ ಲೋಡ್ ಇಲ್ಲ. ಫ್ಯಾನು, ವೈಫೈ ಡಬ್ಬಿ ಕೂಡ ಅದೇ ಲೈನಿನಲ್ಲಿ ಇರಲಿ. ಓನರ್ ಮನೆಯ ಇನ್ವರ್ಟರಿಂದ ನಿಮ್ಮ ರೂಮಿಗೆ ಲೈನ್ ಉಂಟಾ ನೋಡಿ.

ಎರಡನೆಯದು ಬೆವರು. ಇದರ ಬಗ್ಗೆ ಯಾರೂ ಬರೆಯಲಿಲ್ಲ, ನನಗೆ ಆಶ್ಚರ್ಯ. ಜುಲೈಯಲ್ಲಿ ನಮ್ಮ ಗಾಳಿಯಲ್ಲೇ ನೀರು ತುಂಬಿರ್ತದೆ, ಬೆವರು ಒಣಗುವ ಮಾತೇ ಇಲ್ಲ. ರಸ್ತೆಯಲ್ಲಾದರೆ ಎದುರು ಗಾಳಿ ಉಂಟು. ರೂಮಿನಲ್ಲಿ ಇಪ್ಪತ್ತು ನಿಮಿಷಕ್ಕೆ ಮೈ ಕಾದು, ಅದೇ ವ್ಯಾಟ್‌ಗೆ ಹಾರ್ಟ್ ರೇಟ್ ಮೇಲೆ ಮೇಲೆ ಹೋಗ್ತದೆ. ನಿಮ್ಮ ಹತ್ತಿರ ಪಟ್ಟಿ ಉಂಟಲ್ಲ, ಕಣ್ಣಾರೆ ಕಾಣ್ತೀರಿ. ಸೀಲಿಂಗ್ ಫ್ಯಾನ್ ಎಂತಕ್ಕೂ ಆಗುವುದಿಲ್ಲ, ಬೆನ್ನಿಗೆ ಮಾತ್ರ ಗಾಳಿ. ಕಾಲಿನ ಮೇಲೆ ನಿಲ್ಲುವ ದೊಡ್ಡ ಪೆಡೆಸ್ಟಲ್ ಫ್ಯಾನ್, ಎದೆಗೆ ನೇರ, ಕಿಟಕಿ ತೆರೆದು. ನನ್ನ ಕೇಳಿದರೆ ಟ್ರೈನರ್‌ಗೆ ಮೊದಲು ಫ್ಯಾನ್ ತಗೊಳ್ಳಿ.

ಬೆವರು ಬೀಳುವುದು ಎಲ್ಲಿ ಗೊತ್ತುಂಟಾ? ಗಲ್ಲದಿಂದ ಸೀದಾ ಹ್ಯಾಂಡಲ್ ಹಿಡಿದಿರುವ ಸ್ಟೆಮ್ಮಿನ ಬೋಲ್ಟ್ ಮೇಲೆ, ಅಲ್ಲಿಂದ ಹ್ಯಾಂಡಲ್ ತಿರುಗುವ ಹೆಡ್‌ಸೆಟ್ ಬೇರಿಂಗ್ ಒಳಗೆ. ಬಾರ್ ಟೇಪಿನ ಕೆಳಗೆ ಉಪ್ಪು ಕೂತು ಹ್ಯಾಂಡಲ್ ಅಲ್ಯೂಮಿನಿಯಂ ಬಿಳಿ ಪುಡಿ ಪುಡಿ ಆಗ್ತದೆ, ಹೊರಗಿಂದ ಕಾಣುವುದೇ ಇಲ್ಲ. ಹಳೆ ಬೈರಾಸನ್ನು ಹ್ಯಾಂಡಲಿನಿಂದ ಸೀಟಿನವರೆಗೆ ಹಾಸಿ. ಇಳಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಒಣ ಬಟ್ಟೆ. ಬೋಲ್ಟ್ ತಲೆಗೆ ಒಂಚೂರು ಗ್ರೀಸ್. ವರ್ಷಕ್ಕೊಮ್ಮೆ ಟೇಪ್ ಬಿಚ್ಚಿ ನೋಡಲೇಬೇಕು.

ಹಾಗಾಗಿ ನನ್ನ ಸಲಹೆ, 12 ಸಾವಿರದ ವೀಲ್-ಆನ್ ತಗೊಂಡು ಉಳಿದ ದುಡ್ಡಲ್ಲಿ ಫ್ಯಾನು, ಮ್ಯಾಟು, ಹಳೆ ಚಕ್ರ. ನನ್ನದು ನೆಲದ ಮೇಲೆ ಕಟ್ಟಿದ ಮನೆ, ಕೆಳಗೆ ಯಾರೂ ಇಲ್ಲ ಅಂತಲೂ ಹೇಳಿಬಿಡ್ತೇನೆ.

*

ಒಂಟಾರಿಯೊ ಒಗ್ಗರಣೆ:

ಗೇರುಗುಡ್ಡದವರ ಕೊನೆಯ ಸಾಲಿನಲ್ಲೇ ಎಲ್ಲ ಇದೆ ಅಲ್ಲವೇ! ಕೆಳಗೆ ಯಾರೂ ಇಲ್ಲದಿದ್ದರೆ ನಾನೂ ವೀಲ್-ಆನ್ ಅನ್ನುತ್ತಿದ್ದೆ. ಫ್ಯಾನ್ ವಿಷಯ ನೂರಕ್ಕೆ ನೂರು ಒಪ್ಪುತ್ತೇನೆ. ನಮ್ಮ ಬೇಸ್‌ಮೆಂಟ್ 15 ಡಿಗ್ರಿ ಇರುತ್ತದೆ, ಆದರೂ ಫ್ಯಾನ್ ಹಾಕುತ್ತೇನೆ.

ಇನ್ನೊಂದು. ಉದ್ದ ಸವಾರಿಯವರು ಟ್ರೈನರ್ ಮೇಲೆ ಮೂರು ನಾಲ್ಕು ಗಂಟೆ ಕೂರಲು ಹೋಗಬೇಡಿ. ರಸ್ತೆಯಲ್ಲಿ ಇಳಿಜಾರು, ತಿರುವು, ಸಿಗ್ನಲ್ ಅಂತ ಪೆಡಲ್ ನಿಲ್ಲುತ್ತಲೇ ಇರುತ್ತದೆ, ಇಲ್ಲಿ ಒಂದು ಕ್ಷಣವೂ ನಿಲ್ಲದು. ಸೈಕಲ್ ಅಲುಗಾಡುವುದೂ ಇಲ್ಲ, ಕೂತ ಜಾಗವೇ ಉರಿಯುತ್ತದೆ. ವಾರದಲ್ಲಿ ಎರಡು ದಿನ ಜೋರಿನದ್ದು, ಎರಡು ದಿನ ಹಗುರ. ಐದರಿಂದ ಆರೂವರೆ ಧಾರಾಳವಾಯ್ತು. ಆ್ಯಪ್‌ಗೆ ತಿಂಗಳ ಚಂದಾ ಬೇಡ ಅಂದರೆ ಮೈವೂಶ್ ಉಚಿತ. ದುಡ್ಡು ಕೊಡುವುದಾದರೆ ಝ್ವಿಫ್ಟ್‌ನಲ್ಲಿ ಜನ ಹೆಚ್ಚು.

*

ಪಡುಬಿದ್ರಿ ಪೆಡಲ್:

ಎಲ್ಲರಿಗೂ ಉಪಕಾರ. ನಿನ್ನೆ ಒಂದು ಪರೀಕ್ಷೆ ಮಾಡಿದೆ. ಮಣಿಪಾಲದವರು ಫ್ಲೋವನ್ನು ಒಂದು ದಿನಕ್ಕೆ ಕೊಟ್ಟರು, ಒಳ್ಳೆ ಜನ. ನನ್ನ ರೂಮಿನಲ್ಲಿ ಗೋಡೆ ಪಕ್ಕ, ರಬ್ಬರ್ ಮ್ಯಾಟ್ ಮೇಲೆ ಇಟ್ಟು ಹೆಂಡತಿಯನ್ನು ತುಳಿಯಲಿಕ್ಕೆ ಕೂರಿಸಿ, ನಾನು ಕೆಳಗೆ ಅಜ್ಜಿಯ ಕೋಣೆಗೆ ಹೋಗಿ ಮಂಚದ ಮೇಲೆ ಕೂತೆ. ಮಧ್ಯಾಹ್ನ, ಹೊರಗೆ ಮಳೆ ಬೇರೆ. ಆದರೂ ಮಂಚದ ಕಾಲಿನಲ್ಲಿ ನಡುಕ ಕೈಗೆ ಸಿಗ್ತದೆ. ಅಜ್ಜಿಯನ್ನೇ ಕೇಳಿದೆ. "ನನಗೆ ಕಿವಿ ಕೇಳುದಿಲ್ಲ ಮಗಾ, ಆದ್ರೆ ಬೆನ್ನಿಗೆ ಗೊತ್ತಾಗ್ತದೆ" ಅಂದರು.

ಹೆಂಡತಿ ಹತ್ತು ನಿಮಿಷ ತುಳಿದು ಇಳಿದವಳು, "ಇದನ್ನು ನಾನೂ ಮಾಡ್ತೇನೆ, ಸದ್ದು ಕಡಿಮೆಯದ್ದೇ ತನ್ನಿ" ಅಂದಳು. 30 ಸಾವಿರದ ಗಡಿ ಹಾಗೆ ದಾಟಿತು. ಅವಳ ಎತ್ತರ ಬೇರೆ, ಸೀಟ್ ಇಳಿಸಿ ಏರಿಸುವ ಜಗಳ ಮುಂದೆ ನೋಡಿಕೊಳ್ಳುವ.

ಓನರ್ ಇನ್ವರ್ಟರ್ ಲೈನ್ ಕೊಡ್ಲಿಕ್ಕೆ ಒಪ್ಪಿದ್ದಾರೆ. ಪೆಡೆಸ್ಟಲ್ ಫ್ಯಾನ್ ತಂದಾಯ್ತು, ಗೇರುಗುಡ್ಡದವರ ಮಾತಿನಂತೆ ಮೊದಲು ಅದೇ. ಬೆಂಗಳೂರಿನವರು 36ಕ್ಕೆ ಬಂದರು, 1.8ರ ಸ್ಪೇಸರ್ ಇಟ್ಟಿದ್ದಾರಂತೆ. ಈಗ ಉಳಿದದ್ದು ತರಿಸುವ ಪ್ರಶ್ನೆ. 18 ಕೆ.ಜಿ. ಸಾಮಾನು, ರಾತ್ರಿ ಬಸ್ಸಿನಲ್ಲಿ ಪಾರ್ಸೆಲ್ ಹಾಕಿಸಬಹುದಾ? ನಾನು ನೋಡದೆ ದುಡ್ಡು ಕಳಿಸುವುದು ಹೇಗೆ?

*

ಬನಶಂಕರಿ ಎರಡನೇ ಹಂತ:

ಏರಿಯಾ ಹೇಳಿ, ಹತ್ತಿರ ಇದ್ರೆ ಶನಿವಾರ ನಾನೇ ಹೋಗಿ ನೋಡ್ಕೊಂಡು ಬರ್ತೀನಿ. ಪ್ಲಗ್ ಹಾಕಿ ಫೋನಿಗೆ ಸೇರತ್ತಾ ನೋಡ್ತೀನಿ, ಕೈಯಲ್ಲಿ ಫ್ರೀಹಬ್ ಅಲುಗಾಡಿಸಿ ನೋಡ್ತೀನಿ. ಸೈಕಲ್ ಹಾಕಿ ವೇಗ ಏರಿಸಿ ಪೆಡಲ್ ಬಿಟ್ಟಾಗ ಟಕ್ ಟಕ್ ಬಂದ್ರೆ ತಗೋಬೇಡಿ. ಕರೆಂಟಿನ ಅಡಾಪ್ಟರ್ ಅದರ ಜೊತೆಗೇ ಬಂದಿದ್ದಾ ಅಂತಲೂ ನೋಡ್ಬೇಕು, ಸಿಕ್ಕಿದ ಅಡಾಪ್ಟರ್ ಚುಚ್ಚಿ ಬೋರ್ಡ್ ಸುಟ್ಟುಕೊಂಡವರಿದ್ದಾರೆ.

ಬಸ್ಸಿಗೆ ಹಾಕೋದಾದ್ರೆ ಟ್ರೈನರ್‌ನ ಎರಡು ಕಾಲೂ ಅಲೆನ್ ಕೀಲಿಯಲ್ಲಿ ಬಿಚ್ಚಿ, ಬೋಲ್ಟುಗಳನ್ನ ಕವರಿಗೆ ಹಾಕಿ ಒಳಗೇ ಅಂಟಿಸ್ತೀನಿ. ಫ್ರೀಹಬ್ ಕಡೆಗೆ ಥರ್ಮಕೋಲ್ ಜಾಸ್ತಿ ಬೇಕು, ಪೆಟ್ಟು ಬೀಳೋದೇ ಅಲ್ಲಿ. ಮೇಲೊಂದು ಪ್ಲಾಸ್ಟಿಕ್ ಸುತ್ತಿ, ನಿಮ್ಮೂರಿನ ಮಳೆ ನಂಬೋ ಹಾಗಿಲ್ಲ. ಕ್ಯಾಸೆಟ್ ಇಲ್ಲೇ ಹಾಕಿಸಿ ಕಳಿಸ್ಲಾ? 11-32 ಹಲ್ಲಿಂದು ಸಾಕಾ?

*

ಪಡುಬಿದ್ರಿ ಪೆಡಲ್:

11-32 ಸಾಕು. ಚಕ್ರದಲ್ಲಿ ಇರುವುದೂ ಅದೇ, ಗೇರ್ ಬದಲಿಸುವ ಡಿರೇಲರ್ ಮುಟ್ಟುವ ಕೆಲಸ ಇರುವುದಿಲ್ಲ. ಮಾರುವವರ ಏರಿಯಾ ಮೆಸೇಜ್‌ನಲ್ಲಿ ಕಳಿಸ್ತೇನೆ.